ಅಳಿಸಿದ ಮಚ್ಚೆ

ಮುಖಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ. ಹಾಗೆಂದು ಹೇಳಿದವನು ಫೋಟೋ ಸ್ಟುಡಿಯೋದ ಯಜಮಾನ. ಫೋಟೋ ತೆಗೆಯುವುದು ಅವನು. ತೆಗೆದ ಮುಖವನ್ನು ಕಂಪ್ಯೂಟರಿನ ಮೇಲೆ ಹರವಿಕೊಂಡು ಮೊಡವೆ ಅಳಿಸಿ, ಕಣ್ಣ ಕೆಳಗಿನ ಕಪ್ಪನ್ನು ತಿಳಿಮಾಡಿ, ಹಣೆಯ ನೆರಿಗೆಗಳನ್ನು ತೀಡಿ ಮಲಗಿಸುವುದು ಅವಳು. "ನಮ್ಮ ಇಸ್ತ್ರಿ ಕೈಗೆ ಒಂದ್ಸಲ ಮುಖ ಕೊಡಿ, ಆಮೇಲೆ ನಿಮ್ಮ ಅತ್ತೇನೇ ನಿಮ್ಮನ್ನ ಗುರುತು ಹಿಡಿಯಲ್ಲ" ಎಂದು ಅವನು ಗಿರಾಕಿಗಳ ಮುಂದೆ ಹೊಗಳಿ ಹೊಗಳಿ ಆ ಹೆಸರೇ ನಿಂತುಬಿಟ್ಟಿತ್ತು. ಪಕ್ಕದ ಬೇಕರಿಯವನಿಗೂ ಅವಳು ಇಸ್ತ್ರಿ, ಎದುರಿನ ಔಷಧಿ ಅಂಗಡಿಯವಳಿಗೂ ಇಸ್ತ್ರಿ. ಮನೆಯಲ್ಲಿ ಮಾತ್ರ ಪುಟ್ಟಿ.

ಕೆಲಸ ಮಾಡುವಾಗ ಇಸ್ತ್ರಿಯ ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಮನಸ್ಸು ಯಾವುದೋ ಕಥೆಯ ಕಾಡಿನಲ್ಲಿ ಅಲೆಯುತ್ತಿದ್ದರೆ ಕೈ ತನ್ನ ಪಾಡಿಗೆ ತಾನು ಕೆನ್ನೆಯಿಂದ ಕೆನ್ನೆಗೆ ಓಡುತ್ತಿತ್ತು. ಅವಳಿಗೆ ಮಚ್ಚೆಗಳು ಕಾಣುತ್ತಲೇ ಇರಲಿಲ್ಲ ಎಂದರೂ ಸರಿ. ಕಣ್ಣು ನೋಡುವ ಮೊದಲೇ ಕೈ ಅಳಿಸಿ ಮುಗಿಸಿರುತ್ತಿತ್ತು.

ಒಂದು ಬೆಳಿಗ್ಗೆ ನೀಲಿ ಕೊಡೆಯ ಹೆಂಗಸೊಬ್ಬಳು ಬಂದಳು. ಕೈಚೀಲದಿಂದ ಗಂಡನ ಸಣ್ಣ ಫೋಟೋ ತೆಗೆದು ಮೇಜಿನ ಮೇಲಿಟ್ಟು, "ಇದನ್ನ ದೊಡ್ಡದು ಮಾಡಿಕೊಡಮ್ಮ, ಗೋಡೆಗೆ ಹಾಕೋಕೆ" ಎಂದಳು. ಇಸ್ತ್ರಿ ಅದನ್ನು ಸ್ಕ್ಯಾನರಿನಲ್ಲಿಟ್ಟು ಕಂಪ್ಯೂಟರಿನ ತೆರೆಯ ಮೇಲೆ ತಂದಳು. ಕೈ ಆಗಲೇ ಕಣತಲೆಯ ಕಡೆ ಹೊರಟಿತ್ತು. ಹೆಂಗಸು ಮೇಜಿನ ಮೇಲಿಂದ ಬಾಗಿ ಅವಳ ಮಣಿಕಟ್ಟು ಹಿಡಿದಳು.

"ಅದನ್ನ ತೆಗೀಬೇಡ."

ಆಗ ಇಸ್ತ್ರಿ ನೋಡಿದಳು. ಎಡಗಣ್ಣಿನ ಪಕ್ಕ, ಕೂದಲು ಶುರುವಾಗುವ ಕಡೆ, ಒಂದು ಕಪ್ಪು ಮಚ್ಚೆ.

"ಅದೇ ಅವರನ್ನ ತಗೊಂಡು ಹೋಗಿದ್ದು" ಎಂದಳು ಹೆಂಗಸು. ಅಳಲಿಲ್ಲ, ಬಸ್ಸು ತಪ್ಪಿಹೋಯಿತು ಎನ್ನುವ ಹಾಗೆ ಹೇಳಿದಳು. "ಮೊದಲು ಮೆಣಸಿನ ಕಾಳಿನಷ್ಟಿತ್ತು. ಮಚ್ಚೆ ಅಂದ್ಕೊಂಡ್ವಿ. ಎಲ್ಲರ ಮೈಮೇಲೂ ಇರುತ್ತಲ್ಲ, ಹಾಗೆ. ಆಮೇಲೆ ಬೆಳೀತು, ಅಂಚು ಹರಡ್ತು. ನಾನು ದಿನಾ ನೋಡ್ತಿದ್ನಲ್ಲ, ನನಗೆ ಗೊತ್ತೇ ಆಗ್ಲಿಲ್ಲ. ಅದಿಲ್ದೆ ಇದ್ರೆ ನನಗೆ ಅವರ ಮುಖ ಅನ್ಸಲ್ಲ. ಇರಲಿ ಬಿಡು."

ಇಂಥದೇ ಒಂದು ಮಚ್ಚೆಯನ್ನು ಇಸ್ತ್ರಿ ಎಲ್ಲೋ ನೋಡಿದ್ದಳು. ಎಡಗಡೆಗೇ. ಕೂದಲ ಅಂಚಿಗೇ. ನೋಡಿದ್ದೇನು, ಮನೆಯಲ್ಲೇ ಇತ್ತು. ದೊಡ್ಡಮ್ಮನ ಕಣತಲೆಯ ಮೇಲೆ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಅಮ್ಮ ಎನ್ನುವವಳು ಹೇಗಿದ್ದಳೆಂದು ಇಸ್ತ್ರಿಗೆ ನೆನಪೇ ಇಲ್ಲ. ಕಣ್ಣು ಬಿಟ್ಟಾಗಿನಿಂದ ಕಂಡದ್ದು ದೊಡ್ಡಮ್ಮನ ಮುಖ, ಕೇಳಿದ್ದು ದೊಡ್ಡಮ್ಮನ ಬೈಗುಳ. ಬಟ್ಟೆ ಅಂಗಡಿಯವರು ಕಳಿಸುವ ಅಂಗಿಗಳಿಗೆ ಮನೆಯಲ್ಲೇ ಕೂತು ಕಾಜಾ ಹಾಕುವುದು, ಗುಂಡಿ ತೂರಿಸುವ ತೂತುಗಳ ಅಂಚು ಹೊಲಿಯುವುದು, ದೊಡ್ಡಮ್ಮನ ಕೆಲಸ. ಅವತ್ತು ಮಧ್ಯಾಹ್ನ ಇಸ್ತ್ರಿ ಏದುಸಿರು ಬಿಡುತ್ತ ಮನೆಗೆ ಬಂದಾಗಲೂ ಅವಳು ಕಿಟಕಿಯ ಬಳಿ ಅಂಗಿಗಳ ರಾಶಿಯಲ್ಲಿ ಮುಳುಗಿ, ಹಲ್ಲಿನಿಂದ ದಾರ ಕಡಿಯುತ್ತಿದ್ದಳು.

"ಏನೇ, ಸ್ಟುಡಿಯೋಗೆ ಬೆಂಕಿ ಬಿತ್ತಾ?"

ಇಸ್ತ್ರಿ ಚಪ್ಪಲಿ ಬಿಡದೆಯೇ ಒಳಗೆ ನುಗ್ಗಿದಳು. ಹತ್ತಿರ ಹೋಗಿ ದೊಡ್ಡಮ್ಮನ ಕಿವಿಯ ಮೇಲಿನ ಕೂದಲನ್ನು ಸರಿಸಿದಳು. ಕಿಟಕಿಯ ಬೆಳಕು ನೇರವಾಗಿ ಬಿತ್ತು. ಕಪ್ಪು, ದಪ್ಪ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ಮೇಲೆಲ್ಲ ಒಣಗಿದ ಕೆಸರಿನ ಹಾಗೆ ಬಿರುಕು ಬಿರುಕು. ನಡುವೆ ಒಂದು ಕೆಂಪು ಗಾಯ, ಅದರ ಮೇಲೆ ಹೆಪ್ಪುಗಟ್ಟಿದ ರಕ್ತ.

"ರಕ್ತ ಬಂದಿದೆ ದೊಡ್ಡಮ್ಮ!"

"ಕೆರೆತ ಕಣೇ. ಸೂಜಿ ಹಿಡ್ಕೊಂಡಿರೋ ಕೈಯಲ್ಲೇ ಕೆರ್ಕೊಂಡೆ. ಅದಕ್ಯಾಕೆ ಹಿಂಗೆ ಬಾಯಿ ಬಡ್ಕೋತೀಯ? ಬಿಡು, ಬೆಳಕು ಹೋದ್ರೆ ಕಾಜಾ ಸೊಟ್ಟ ಆಗುತ್ತೆ."

ಚಿಕ್ಕವಳಿದ್ದಾಗ ಅಜ್ಜಿ ಹೇಳುತ್ತಿದ್ದ ಕಥೆಯೊಂದು ಇಸ್ತ್ರಿಗೆ ನೆನಪಾಯಿತು. ಮಲಗಿದ ರಾಣಿಯ ಹಣೆಯ ಮೇಲೆ ಗಾಳಿ ಒಂದು ಕಪ್ಪು ಬೀಜವನ್ನು ತಂದು ಬಿಟ್ಟು ಹೋಗುತ್ತದೆ. ಅರಮನೆಯಲ್ಲಿ ಅದನ್ನು ಹೇಳುವ ಧೈರ್ಯ ಯಾರಿಗೂ ಇಲ್ಲ. ನೋಡಿದವರೆಲ್ಲ ಮುಖ ತಿರುಗಿಸುತ್ತಾರೆ, ಒಬ್ಬೊಬ್ಬರು ಮುಖ ತಿರುಗಿಸಿದಾಗಲೂ ಬೀಜ ಒಂದು ಬೇರು ಬಿಡುತ್ತದೆ. ಆ ಕಥೆ ಕೇಳಿದ ದಿನ ಇಸ್ತ್ರಿ ಹೊದಿಕೆಯೊಳಗೆ ಹಣೆ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದಳು.

ಕ್ಯಾನ್ಸರ್ ಎನ್ನುವ ಹೆಸರನ್ನು ಆ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. 'ಅದು' ಎಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತಿತ್ತು.

"ಅದು ಇರಬಹುದು ದೊಡ್ಡಮ್ಮ" ಎಂದಳು.

ದೊಡ್ಡಮ್ಮನ ಸೂಜಿ ಒಂದು ಗಳಿಗೆ ನಿಂತಿತು. ಮತ್ತೆ ಓಡಿತು. "ಹುಚ್ಚು ಹುಡುಗಿ. ನನಗೆ ಅದೆಲ್ಲ ಬರಲ್ಲ, ಅದಕ್ಕೂ ಪುರುಸೊತ್ತು ಬೇಕಲ್ಲ" ಎಂದಳು.

ಆದರೂ ಮಾರನೆಯ ದಿನ ಇಸ್ತ್ರಿ ಕೈಹಿಡಿದು ಎಳೆದಾಗ ಹೆಚ್ಚು ಜಗಳವಾಡದೆ ಹೊರಟಳು. ಅದಕ್ಕೇ ಇಸ್ತ್ರಿಗೆ ಇನ್ನಷ್ಟು ಭಯವಾದದ್ದು. ದೊಡ್ಡಮ್ಮ ಜಗಳವಾಡದೆ ಒಪ್ಪಿದ ಕೆಲಸ ಅವಳ ನೆನಪಿನಲ್ಲಿ ಇನ್ನೊಂದಿರಲಿಲ್ಲ.

ಚರ್ಮದ ಡಾಕ್ಟರ ಕೋಣೆ ಸಣ್ಣದು. ಬಿಳಿ ದೀಪ, ಒಂದು ಎತ್ತರದ ಕುರ್ಚಿ, ಮೂಲೆಯಲ್ಲಿ ಸ್ಟೀಲಿನ ಟ್ರೇ. ಡಾಕ್ಟರು ಕುಳ್ಳಗಿನ, ಚುರುಕು ಮಾತಿನ ಹೆಂಗಸು. ಮೂಗಿನ ತುದಿಗೆ ಜಾರಿದ ಕನ್ನಡಕವನ್ನು ಹಿಂದಕ್ಕೆ ತಳ್ಳಲು ಅವರಿಗೂ ಪುರುಸೊತ್ತಿದ್ದಂತಿರಲಿಲ್ಲ.

"ಎಷ್ಟು ದಿನದಿಂದ ಇದೆ ಇದು?"

"ಯಾವತ್ತಿಂದಲೋ ಇದೆ" ಎಂದಳು ದೊಡ್ಡಮ್ಮ.

"ಯಾವತ್ತಿಂದ ಅಂದ್ರೆ?"

"ಅದು ಬರುವಾಗ ನಾನೇನು ಬಾಗಿಲಲ್ಲಿ ನಿಂತು ನೋಡಿದ್ನಾ, ಡಾಕ್ಟ್ರೇ?"

ಡಾಕ್ಟರು ನಕ್ಕರು. "ಬೇರೆ ಕಡೆ ಏನಾದ್ರೂ ಇದೆಯಾ?"

"ಏನಿಲ್ಲ" ಎನ್ನುತ್ತಲೇ ದೊಡ್ಡಮ್ಮ ಸೆರಗನ್ನು ಕತ್ತಿಗೆ ಬಿಗಿಯಾಗಿ ಸುತ್ತಿಕೊಂಡಳು. ಡಾಕ್ಟರು ಸೆರಗು ಸರಿಸಿದರು. ಕತ್ತಿನ ಮಡಿಕೆಯಲ್ಲಿ ಒಂದು ಕಪ್ಪು ಮಣಿ ನೇತಾಡುತ್ತಿತ್ತು. ಒಣಗಿದ ದ್ರಾಕ್ಷಿಯಂತೆ ಮುದುಡಿತ್ತು. ಅದರ ಬುಡಕ್ಕೆ ನೀಲಿ ಕಾಜಾ ದಾರ ಬಿಗಿದು, ಮೇಲೊಂದು ಅಚ್ಚುಕಟ್ಟಾದ ಗಂಟು.

ಇಸ್ತ್ರಿ ಕುರ್ಚಿಯ ಹತ್ತಿರ ಬಂದಳು. "ಇದೇನು ದೊಡ್ಡಮ್ಮ? ಇದು ಯಾವಾಗ ಬಂತು? ಇದೂ ಕಪ್ಪಗಾಗಿದೆಯಲ್ಲ!"

"ಮೊದಲು ಬೆಳ್ಳಗೇ ಇತ್ತು ಕಣೇ. ಸರಕ್ಕೆ ಸಿಕ್ಕಿ ಸಿಕ್ಕಿ ಎಳೀತಿತ್ತು, ದಾರ ಕಟ್ಟಿದೆ. ಆಮೇಲೆ ಹಿಂಗಾಯ್ತು." ಅವಳ ದನಿ ಸಣ್ಣದಾಗಿತ್ತು. "ಕಪ್ಪಗಾದ ಮೇಲೆ ನನಗೂ ಒಂಥರಾ ಆಯ್ತು. ಅದಕ್ಕೆ ಹೇಳ್ಲಿಲ್ಲ."

"ದಾರ ಕಟ್ಟಿ ರಕ್ತ ನಿಲ್ಲಿಸಿದ್ರೆ ಯಾವುದಾದ್ರೂ ಕಪ್ಪಗಾಗುತ್ತೆ, ನಿಮ್ಮ ಬೆರಳಾದ್ರೂ ಅಷ್ಟೇ" ಎಂದರು ಡಾಕ್ಟರು. "ಇದು ಬರೀ ಚರ್ಮ ಜೋತು ಬಿದ್ದಿರೋದು. ಕತ್ತು, ಕಂಕುಳು, ಉಜ್ಜೋ ಕಡೆಯೆಲ್ಲ ಬರುತ್ತೆ. ಮೆತ್ತಗೆ, ಸಣ್ಣ ತೊಟ್ಟಲ್ಲಿ ನೇತಾಡ್ತಿರುತ್ತೆ. ಕೆಟ್ಟದ್ದಲ್ಲ. ಒಂದು ಕತ್ತರಿ ಏಟಿಗೆ ಹೋಗೋದಕ್ಕೆ ನೀವು ಇಷ್ಟು ದಿನ ನೇಣು ಹಾಕಿದ್ದೀರಿ. ಕೀವಾಗಿದ್ರೆ ಏನ್ ಮಾಡ್ತಿದ್ರಿ? ಅದಿರಲಿ, ಅದು ಏನು ಅಂತ ಗೊತ್ತಿಲ್ದೆ ಕಟ್ಟಬಹುದಾ?"

"ಗಂಟು ಮಾತ್ರ ಬಿಗಿಯಾಗಿದೆ, ನೋಡಿ" ಎಂದಳು ದೊಡ್ಡಮ್ಮ.

ಡಾಕ್ಟರು ಮರಗಟ್ಟಿಸುವ ಮದ್ದು ಚುಚ್ಚಿ, ಕತ್ತರಿ ಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ದಾರದ ಸಮೇತ ಟ್ರೇಗೆ ಹಾಕಿದರು. ತೋಳಿನ ಮೇಲಿದ್ದ ಕೆಂಪು ಚುಕ್ಕಿಗಳನ್ನೂ ನೋಡಿದರು. ಅವು ರಕ್ತನಾಳದ ಚುಕ್ಕಿಗಳು, ವಯಸ್ಸಾದಂತೆ ಬರುತ್ತವೆ, ಅವುಗಳ ಪಾಡಿಗೆ ಬಿಡಿ ಎಂದರು. ಇಸ್ತ್ರಿಗೆ ಉಸಿರು ಅರ್ಧ ಬಂತು. ಆಮೇಲೆ ಅವರು ದೀಪವಿದ್ದ ಭೂತಗನ್ನಡಿಯನ್ನು ಕಣತಲೆಯ ಮೇಲಿಟ್ಟು ಬಾಗಿದರು. ಭೂತಗನ್ನಡಿ ಎನ್ನುವ ಮಾತು ಎಷ್ಟು ಸರಿಯಾಗಿದೆ ಎಂದು ಇಸ್ತ್ರಿಗೆ ಅನ್ನಿಸಿದ್ದು ಆಗಲೇ. ಆ ಗಾಜಿನಾಚೆ ಏನೋ ಕೂತಿದೆ, ಡಾಕ್ಟರ ಕಣ್ಣನ್ನೇ ನೋಡುತ್ತಿದೆ.

"ಮೇಣ ಕರಗಿಸಿ ಅಂಟಿಸಿದ ಹಾಗಿದೆ" ಎಂದರು ಡಾಕ್ಟರು ಕೊನೆಗೆ. "ಉಗುರು ಹಾಕಿದ್ರೆ ಎದ್ದು ಬರುತ್ತೇನೋ ಅನ್ನೋ ಹಾಗೆ ಚರ್ಮದ ಮೇಲೇ ಕೂತಿದೆ. ಒರಟು, ಅಂಚು ಕತ್ತರಿಸಿದ ಹಾಗೆ ಸ್ಪಷ್ಟ. ಒಳಗೆ ಸಣ್ಣ ಸಣ್ಣ ಬಿಳಿ ಚುಕ್ಕಿ. ವಯಸ್ಸಾದವರಿಗೆ ಬರೋ ಸಾದಾ ಗಂಟು ಇದು, ನನ್ನ ಪ್ರಕಾರ. ಆದ್ರೆ ನಡುವೆ ಕೆರೆದು ಗಾಯ ಮಾಡಿದ್ದೀರಿ, ಅಲ್ಲಿ ನನಗೆ ಸರಿಯಾಗಿ ಕಾಣ್ತಿಲ್ಲ. ಹಳೇ ಫೋಟೋ ಏನಾದ್ರೂ ಇದೆಯಾ? ಮೊದಲು ಎಷ್ಟಿತ್ತು ಅಂತ ನೋಡಿಬಿಡೋಣ."

ದೊಡ್ಡಮ್ಮನ ಮುಖ ಅರಳಿತು. "ಫೋಟೋಗೆ ಏನು ಬರ ನಮಗೆ! ಇವಳು ಇರೋದೇ ಸ್ಟುಡಿಯೋದಲ್ಲಿ. ವರ್ಷ ವರ್ಷ ತೆಗೆಸ್ತಾಳೆ ನನ್ನದು. ತೋರ್ಸೇ ಪುಟ್ಟಿ."

ಇಸ್ತ್ರಿ ಮೊಬೈಲ್ ತೆರೆದಳು. ದೊಡ್ಡಮ್ಮ ಒಬ್ಬಳೇ ಕೂತದ್ದು. ದೊಡ್ಡಪ್ಪನ ಜೊತೆ ನಿಂತದ್ದು. ಹಸಿರು ಸೀರೆಯಲ್ಲಿ ನಕ್ಕದ್ದು. ಡಾಕ್ಟರು ಒಂದೊಂದನ್ನೇ ಬೆರಳಿನಿಂದ ಹಿಗ್ಗಿಸಿ ನೋಡಿದರು. ಅವರ ಹುಬ್ಬು ಹತ್ತಿರಕ್ಕೆ ಬಂತು.

"ಇದು ಯಾವಾಗಿಂದು?"

"ಹೋದ ವರ್ಷದ್ದು."

"ಇದರಲ್ಲಿ ಏನೂ ಇಲ್ಲವಲ್ಲ. ಕೂದಲೂ ಅಡ್ಡ ಬಂದಿಲ್ಲ, ಚರ್ಮ ನುಣ್ಣಗಿದೆ." ಅವರು ಮೊಬೈಲನ್ನು ಕೆಳಗಿಟ್ಟರು. ಚುರುಕು ಮಾತು ಈಗ ನಿಧಾನವಾಯಿತು. "ಹಾಗಾದ್ರೆ ಇಷ್ಟೂ ಒಂದು ವರ್ಷದೊಳಗೆ ಬಂದಿದ್ದಾ?"

ಇಸ್ತ್ರಿ ಮೊಬೈಲನ್ನು ಮಗುಚಿಟ್ಟಳು. "ಇಲ್ಲ" ಎಂದಳು. "ಇತ್ತು. ನಾನು ಅಳಿಸಿದ್ದು."

"ಎಲ್ಲದರಲ್ಲೂ?"

"ಎಲ್ಲದರಲ್ಲೂ."

"ಅಳಿಸುವಾಗ ಎಷ್ಟಿತ್ತು? ಇಷ್ಟೇ ಇತ್ತಾ, ಸಣ್ಣದಿತ್ತಾ? ಬಣ್ಣ?"

ಇಸ್ತ್ರಿ ಕಣ್ಣು ಮುಚ್ಚಿಕೊಂಡು ನೆನಪು ಮಾಡಿಕೊಳ್ಳಲು ನೋಡಿದಳು. ದೊಡ್ಡಮ್ಮನ ಮುಖ ಬಂತು, ನುಣುಪಾಗಿ, ಹೊಳೆಯುತ್ತ. ಮಚ್ಚೆ ಬರಲಿಲ್ಲ. ಸಾವಿರ ಮುಖಗಳ ಮಚ್ಚೆ ಅಳಿಸಿದ ಕೈ ಅದನ್ನೂ ಅಳಿಸಿತ್ತು, ಅಳಿಸುವ ಮೊದಲು ನೋಡಿರಲಿಲ್ಲ. ಹೋದ ವರ್ಷ ಕಂಪ್ಯೂಟರಿನ ಅಳಿಸುವ ಬ್ರಶ್ಶನ್ನು ಸ್ವಲ್ಪ ದೊಡ್ಡದು ಮಾಡಿಕೊಂಡಿದ್ದೆನೇ? ಮಾಡಿಕೊಂಡ ಹಾಗೂ ಅನ್ನಿಸಿತು, ಇಲ್ಲ ಎಂದೂ ಅನ್ನಿಸಿತು. "ಗೊತ್ತಿಲ್ಲ" ಎಂದಳು.

"ಅವಳಿಗೇನು ಬೈಬೇಡಿ" ಎಂದಳು ದೊಡ್ಡಮ್ಮ. "ಚೆನ್ನಾಗಿ ಕಾಣಲಿ ಅಂತ ನಾನೇ ಹೇಳಿದ್ದೆ."

ಅದು ಸುಳ್ಳು. ದೊಡ್ಡಮ್ಮ ಯಾವತ್ತೂ ಹಾಗೆ ಹೇಳಿರಲಿಲ್ಲ.

"ಬೈತಿಲ್ಲಮ್ಮ. ವರ್ಷಗಟ್ಟಲೆ ನಿಧಾನವಾಗಿ ಬೆಳೆದಿದ್ರೆ ಒಂದು ಮಾತು, ದಿಢೀರಂತ ಬೆಳೆದಿದ್ರೆ ಇನ್ನೊಂದು ಮಾತು. ಅಂಚು ಎಲ್ಲೆಂದರಲ್ಲಿ ಹರಡಿದ್ರೆ, ಒಂದೇ ಮಚ್ಚೇಲಿ ನಾಲ್ಕು ಬಣ್ಣ ಇದ್ರೆ, ಮುಟ್ಟದೇನೇ ರಕ್ತ ಬಂದ್ರೆ, ಗಾಯ ಒಣಗ್ದೇ ಇದ್ರೆ ನಮಗೂ ಹೆದರಿಕೆ. ಇಲ್ಲಿ ಅವು ಕಾಣ್ತಿಲ್ಲ. ಬರೀ ಸಾದಾ ಗಂಟೇ ಆಗಿದ್ರೆ ತೆಗೀಲೇಬೇಕು ಅಂತೇನೂ ಇಲ್ಲ, ಇರೋದೇ ಬೇಡ ಅನ್ನೋರಿಗೆ ಕೊರೆಯೋ ತಣ್ಣನೆ ಗ್ಯಾಸ್ ಬಿಟ್ಟು ಸುಟ್ಟು ಕಳಿಸ್ತೀನಿ. ಆದ್ರೆ ಸುಟ್ಟುಬಿಟ್ರೆ ಪರೀಕ್ಷೆಗೆ ಏನೂ ಉಳಿಯಲ್ಲ. ಇದನ್ನ ಕೆರೆದು ತೆಗೆದು ಲ್ಯಾಬಿಗೆ ಕಳಿಸೋಣ. ಅನುಮಾನ ಇಟ್ಕೊಂಡು ಮನೆಗೆ ಹೋಗೋದು ಬೇಡ."

ಮರಗಟ್ಟಿಸುವ ಸೂಜಿ ಚರ್ಮದೊಳಗೆ ಹೋದಾಗ ದೊಡ್ಡಮ್ಮ, "ಜೀವಮಾನವೆಲ್ಲ ನಾನು ಚುಚ್ಚಿದ್ದಕ್ಕೆ ಇವತ್ತು ಲೆಕ್ಕ ಚುಕ್ತಾ" ಎಂದು ನಕ್ಕಳು. ಆದರೆ ಅವಳ ಕೈ ಇಸ್ತ್ರಿಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ ಬೆರಳುಗಳು ಬೆಳ್ಳಗಾಗಿದ್ದವು. ಸಣ್ಣ ಬಾಟಲಿಯ ನೀರಿನಂಥ ದ್ರವದೊಳಗೆ ಆ ಕಪ್ಪು ಚೂರುಗಳು ಮೆಲ್ಲಗೆ ತಳಕ್ಕೆ ಇಳಿದವು.

ಮನೆಗೆ ಹೋಗುವ ದಾರಿಯಲ್ಲೇ ಇಸ್ತ್ರಿ ಸ್ಟುಡಿಯೋಗೆ ಓಡಿದಳು. "ತಿದ್ದೋಕೆ ಮುಂಚಿನ ಫೋಟೋ ಒಂದಾದ್ರೂ ಇದೆಯಾ? ದೊಡ್ಡಮ್ಮಂದು?"

ಯಜಮಾನ ತಲೆ ಕೆರೆದುಕೊಂಡ. "ಎಲ್ಲಿಂದ ತರ್ಲಿ? ಪ್ರಿಂಟ್ ಆದ ತಕ್ಷಣ ಹಳೇದನ್ನ ಕಿತ್ತು ಬಿಸಾಕ್ತೀನಿ, ಕಂಪ್ಯೂಟರ್‌ನಲ್ಲಿ ಜಾಗ ಎಲ್ಲಿದೆ? ಕೆಟ್ಟ ಮುಖ ಇಟ್ಕೊಂಡು ಏನ್ ಮಾಡೋದು ಅಂತ ನೀನೇ ಅಲ್ವಾ ಅಂದಿದ್ದು?" ಅವಳ ಮುಖ ನೋಡಿ ಅವನು ತಮಾಷೆ ಬಿಟ್ಟ. "ಏನಾಯ್ತು ಇಸ್ತ್ರಿ?"

ಅವಳು ಚೀಲ ಹೆಗಲಿಗೇರಿಸಿ ಹೊರಟಳು. ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಭಯ.

ಆಮೇಲಿನ ದಿನಗಳು ಕಾಲು ಎಳೆಯುತ್ತ ನಡೆದವು. ಅಷ್ಟು ವರ್ಷ ಕಾಣದ ಮಚ್ಚೆಗಳೆಲ್ಲ ಈಗ ಒಟ್ಟಿಗೆ ಕಾಣತೊಡಗಿದವು. ಬಸ್ಸಿನಲ್ಲಿ ಮುಂದೆ ಕೂತವನ ಕತ್ತಿನ ಮೇಲೆ, ಬೇಕರಿಯವನ ರೆಪ್ಪೆಯ ಮೇಲೆ, ಕನ್ನಡಿಯಲ್ಲಿ ತನ್ನದೇ ಭುಜದ ಮೇಲೆ. ಊರಿಗೆ ಊರೇ ಕಪ್ಪು ಬೀಜ ಬಿತ್ತಿದ ಹೊಲದ ಹಾಗೆ. ಸ್ಟುಡಿಯೋದಲ್ಲಿ ಒಂದು ಮುಖಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಅಳಿಸಲು ಹೋದ ಕೈ ಹಿಂದೆ ಬರುತ್ತಿತ್ತು.

ಒಂದು ಸಂಜೆ ದೊಡ್ಡಪ್ಪ ಅಂಗಿ ಬಿಚ್ಚಿ ಬೆನ್ನು ಒರೆಸಿಕೊಳ್ಳುತ್ತಿದ್ದರು. ಭುಜದ ಕೆಳಗೆ ನಿಂಬೆಹಣ್ಣಿನಷ್ಟು ಉಬ್ಬು. ಅದು ಮೊದಲಿಂದಲೂ ಅಲ್ಲೇ ಇತ್ತು. ಆದರೂ ಇಸ್ತ್ರಿ ಕಿಟಾರನೆ ಕಿರುಚಿದಳು.

"ಏನೇ ಅದು, ಹಾವು ಕಂಡಂಗೆ?" ದೊಡ್ಡಪ್ಪ ಅವಳ ಬೆರಳನ್ನು ಹಿಡಿದು ಆ ಉಬ್ಬಿನ ಮೇಲಿಟ್ಟರು. "ಒತ್ತು. ಜಾರುತ್ತೆ ನೋಡು, ಮೆತ್ತಗೆ. ಇದು ಕೊಬ್ಬಿನ ಗಂಟು. ಯಾವ ಕಾಲದಲ್ಲೋ ತೋರಿಸಿದ್ದೀನಿ. ಗಟ್ಟಿಯಾಗಿ, ಅಲ್ಲಾಡದೆ ಕೂತ್ರೆ, ಇಲ್ಲ ಜೋರಾಗಿ ಬೆಳೆದ್ರೆ ಬನ್ನಿ ಅಂದಿದ್ರು. ಇಲ್ಲಿವರೆಗೆ ಹಾಗೇ ಇದೆ."

"ಇವರಿಗೆ ಕೊಬ್ಬು ಇರೋದನ್ನ ಹೇಳೋಕೆ ಡಾಕ್ಟ್ರು ಬೇಕಿತ್ತಾ?" ಎಂದಳು ದೊಡ್ಡಮ್ಮ ಒಳಗಿನಿಂದ. "ಮದುವೆಯಾದ ವಾರಕ್ಕೇ ನನಗೆ ಗೊತ್ತಾಗಿತ್ತು."

ದೊಡ್ಡಪ್ಪ ನಕ್ಕರು. ಇಸ್ತ್ರಿಯೂ ನಗಲು ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ದೊಡ್ಡಮ್ಮ ಕಣತಲೆಯ ಮೇಲಿನ ಬ್ಯಾಂಡೇಜನ್ನು ಬೆರಳ ತುದಿಯಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದಳು, ಯಾರೂ ನೋಡುತ್ತಿಲ್ಲ ಎಂದುಕೊಂಡು.

ಡಾಕ್ಟರ ಫೋನು ಬಂದದ್ದು ಒಂದು ರಜಾದಿನದ ಮಧ್ಯಾಹ್ನ. ದೊಡ್ಡಮ್ಮ ಕಿಟಕಿಯ ಬಳಿ ಬಟಾಣಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಇಸ್ತ್ರಿಯ ಮಡಿಲಲ್ಲಿ ಮೊಬೈಲು ನಡುಗಿತು. ಹೆಸರು ನೋಡಿದ ಕೂಡಲೇ ಅವಳ ಕಿವಿಯೊಳಗೆ ಜೀರುಂಡೆ ಕೂಗತೊಡಗಿತು. ಆ ಸದ್ದಿನ ಆಚೆಯಿಂದ ಡಾಕ್ಟರ ಮಾತು ತುಂಡು ತುಂಡಾಗಿ ಬಂತು. "ರಿಪೋರ್ಟ್ ಬಂತಮ್ಮ. ನಾನು ಹೇಳಿದ್ದೇ ಸರಿ. ವಯಸ್ಸಿನ ಸಾದಾ ಗಂಟು. ಗಾಯದ ಜಾಗದಲ್ಲೂ ಬೇರೇನೂ ಸಿಕ್ಕಿಲ್ಲ. ಅಲ್ಲಿಗೆ ಮುಗೀತು, ಔಷಧಿನೂ ಬೇಡ. ಮತ್ತೆ ಅಂಥದ್ದು ಬಂದ್ರೂ ಬರಬಹುದು, ಕೆರೀಬೇಡಿ ಅಂತ ಹೇಳು. ಹೊಸದಾಗಿ ಏನಾದ್ರೂ ಬೇರೆ ಥರ ಕಂಡ್ರೆ ತೋರ್ಸಿ."

ಇಸ್ತ್ರಿ "ಹ್ಞೂಂ" ಎಂದಳು. ಮತ್ತೆ "ಹ್ಞೂಂ" ಎಂದಳು. ಫೋನು ಕೆಳಗಿಟ್ಟಳು. ಅಷ್ಟು ದಿನ ಹೊಟ್ಟೆಯಲ್ಲಿ ಹೊತ್ತಿದ್ದ ಕಲ್ಲು ಒಂದೇ ಸಲ ಕರಗಿ ಕಣ್ಣಿಗೆ ಬಂತು. ಬಾಯಿ ತೆರೆದಳು, ಮಾತು ಬರಲಿಲ್ಲ, ಬಿಕ್ಕಳಿಕೆ ಬಂತು. ಮುಖ ಮುಚ್ಚಿಕೊಂಡು ಅಳುತ್ತಲೇ ಕೂತಳು.

ದೊಡ್ಡಮ್ಮನ ಕೈಯಲ್ಲಿ ಬಟಾಣಿ ಕಾಯಿ ಅರ್ಧ ಬಿರಿದು ನಿಂತಿತು.

"ಏನಂತೆ?"

ಇಸ್ತ್ರಿ ತಲೆ ಅಲ್ಲಾಡಿಸಿದಳು. ಹೇಗೋ ಒಂದು ಮಾತು ಹೊರಗೆ ಬಂತು. "ಏನೂ ಇಲ್ಲ."

ದೊಡ್ಡಮ್ಮ ಕಾಯಿಯನ್ನು ಬಟ್ಟಲಲ್ಲಿಟ್ಟು, ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಏನೂ ಇಲ್ವಂತಾ" ಎಂದಳು ಮೆಲ್ಲಗೆ. "ಮಾಡೋಕೆ ಏನೂ ಇಲ್ಲ ಅಂದ್ಬಿಟ್ರಾ. ನನಗೆ ಮೊದಲೇ ಅನ್ಸಿತ್ತು ಕಣೇ. ಆ ಬಾಟ್ಲೀಲಿ ಅದು ಮುಳುಗಿದ್ದು ನೋಡಿದಾಗ್ಲೇ ಅನ್ಸಿತ್ತು."

ಇಸ್ತ್ರಿ ತಲೆಯೆತ್ತಿದಳು. ಹೇಳಬೇಕೆಂದು ಬಾಯಿ ತೆರೆದರೆ ಮತ್ತೆ ಬಿಕ್ಕಳಿಕೆಯೇ.

"ಅಳಬೇಡ. ಕೇಳು ಇಲ್ಲಿ. ನಿಮ್ಮ ದೊಡ್ಡಪ್ಪಂಗೆ ಈಗ್ಲೇ ಹೇಳಬೇಡ, ಊಟ ಆಗಲಿ. ಹಸಿದ ಹೊಟ್ಟೇಲಿ ಕೇಳಿದ್ರೆ ಬಿದ್ದುಬಿಡ್ತಾರೆ. ಅವರಿಗೆ ಟೀಗೆ ಸಕ್ಕರೆ ಕಮ್ಮಿ ಹಾಕ್ತಾ ಬಾ, ಗೊತ್ತಾಗ್ದಂಗೆ. ಅಂಗಡಿಯವರ ಅಂಗಿ ಇನ್ನೂ ಅರ್ಧ ಬಾಕಿ ಇದೆ, ಅದು ಮುಗಿಸ್ಕೊಡ್ತೀನಿ." ಅವಳ ದನಿ ಎಲ್ಲೂ ನಡುಗಲಿಲ್ಲ, ಬಟ್ಟೆಗೆ ಅಳತೆ ಹೇಳುವ ಹಾಗೆ ನೇರವಾಗಿತ್ತು. ಇಸ್ತ್ರಿಯ ಕೆನ್ನೆ ಒರೆಸಲು ಬಂದ ಬೆರಳುಗಳು ಮಾತ್ರ ಎಲ್ಲೆಲ್ಲೋ ಹೋಗುತ್ತಿದ್ದವು, ಮೂಗಿಗೆ, ಗಲ್ಲಕ್ಕೆ, ಕಿವಿಗೆ. "ಗುಡುಗು ಬಂದ್ರೆ ಈಗ್ಲೂ ನನ್ನ ಹಾಸಿಗೆಗೆ ಓಡಿ ಬರ್ತೀಯಲ್ಲ. ಅದೊಂದೇ ಕಣೇ ನನಗೆ ಚಿಂತೆ. ನಾನು ಹೋದ ಮೇಲೆ ಎಲ್ಲಿಗೆ ಓಡ್ತೀಯ ನೀನು?"

"ದೊಡ್ಡಮ್ಮ!" ಮಾತು ಕೊನೆಗೂ ಕಿತ್ತುಕೊಂಡು ಬಂತು. "ಕಾಯಿಲೆ ಇಲ್ಲ! ಅದು ಅಲ್ಲ! ಸಾದಾ ಗಂಟಂತೆ. ಔಷಧಿನೂ ಬೇಡ್ವಂತೆ. ಕೆರೀಬೇಡಿ ಅಂದ್ರು, ಅಷ್ಟೇ!"

ದೊಡ್ಡಮ್ಮ ಅವಳನ್ನೇ ನೋಡಿದಳು. ಅವಳ ತುಟಿ ಒಂದು ಪಕ್ಕಕ್ಕೆ ಜಾರಿತು, ಗಲ್ಲ ಅದುರಿತು. ದಡಕ್ಕನೆ ಇಸ್ತ್ರಿಯ ಕಡೆ ಬಾಗಿದಳು. ಬಟ್ಟಲು ಮಗುಚಿ ಬಟಾಣಿಗಳೆಲ್ಲ ನೆಲದ ತುಂಬ ಉರುಳಿದವು. ಆಮೇಲೆ ಇಸ್ತ್ರಿಯ ಬೆನ್ನಿಗೆ ಒಂದು ಗುದ್ದು ಬಿತ್ತು. ಇನ್ನೊಂದು ಬಿತ್ತು.

"ಮೊದಲೇ ಹೇಳೋಕೆ ಏನೇ ದಾಡಿ ನಿನಗೆ? ಆಗಿಂದ ಸಾಯೋ ಮಾತೆಲ್ಲ ಆಡಿಸಿಬಿಟ್ಯಲ್ಲೇ ನನ್ನ ಬಾಯಲ್ಲಿ!"

ಮೂರನೆಯ ಗುದ್ದಿಗೆ ಎತ್ತಿದ ಕೈ ಇಸ್ತ್ರಿಯ ಹೆಗಲ ಮೇಲೇ ಉಳಿಯಿತು. ಅವಳ ಕತ್ತಿನಲ್ಲಿ ಮುಖವಿಟ್ಟು, ಇಷ್ಟು ದಿನ ಒಂದು ಹನಿಯನ್ನೂ ತೋರಿಸದ ದೊಡ್ಡಮ್ಮ ಮಗುವಿನ ಹಾಗೆ ಸದ್ದು ಮಾಡಿ ಅಳತೊಡಗಿದಳು. ಹೊರಗಿನಿಂದ ಬಂದ ದೊಡ್ಡಪ್ಪ ಬಾಗಿಲಲ್ಲಿ ಬಟಾಣಿ ತುಳಿದು ಜಾರಿ, ಚೌಕಟ್ಟು ಹಿಡಿದು ನಿಂತು, ಇಬ್ಬರನ್ನೂ ನೋಡಿ ಹೆದರಿ ಬಿಳುಚಿಕೊಂಡರು. "ಏನಾಯ್ತು? ಯಾಕೆ ಇಬ್ರೂ ಅಳ್ತಿದ್ದೀರಿ? ಏನಂದ್ರು?"

ಇಸ್ತ್ರಿ ಹೇಳಲು ಬಾಯಿ ತೆರೆದಳು. "ಏನೂ ಇಲ್ಲ ಅಂತ ಮಾತ್ರ ಹೇಳಬೇಡ ಕಣೇ" ಎಂದು ದೊಡ್ಡಮ್ಮ ಅಳುವಿನ ನಡುವೆಯೇ ಇಸ್ತ್ರಿಯ ಬಾಯಿ ಮುಚ್ಚಿದಳು.